ಮಠ ಬಿಟ್ಟು ಮನೆಗೆ ಬಂದ ನೇಮ

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯ ಬುಡದಲ್ಲಿರುವ ಅಶೋಕನ ಶಾಸನವನ್ನು 1892ರಲ್ಲಿ ಬಿ.ಎಲ್. ರೈಸ್ ಬೆಳಕಿಗೆ ತಂದರು. ಅಂದಿನಿಂದ ಎಲ್ಲರ ಕಣ್ಣು ಹೋಗಿರುವುದು ಅದರ ವಯಸ್ಸಿನ ಕಡೆಗೆ. ನಮ್ಮ ನೆಲದಲ್ಲಿ ಕ್ರಿ.ಪೂ. 3ನೇ ಶತಮಾನದ ಬರಹ ಸಿಕ್ಕಿತಲ್ಲ ಎಂಬ ಹೆಮ್ಮೆಯಲ್ಲಿ, ಬರಹದೊಳಗೆ ಏನಿದೆ ಎಂಬುದು ಹಿಂದೆ ಸರಿಯಿತು. ಅಲ್ಲಿ ಅಶೋಕ ತನ್ನನ್ನು ಉಪಾಸಕ ಎಂದು ಕರೆದುಕೊಳ್ಳುತ್ತಾನೆ. ಉಪಾಸಕನಾಗಿ ಎರಡೂವರೆ ವರ್ಷ ಕಳೆಯಿತು, ಮೊದಲ ವರ್ಷ ಹೇಳಿಕೊಳ್ಳುವಂಥ ಪ್ರಯತ್ನವನ್ನೇನೂ ಮಾಡಲಿಲ್ಲ, ಸಂಘದ ಹತ್ತಿರ ಹೋದ ಮೇಲೆ ಚುರುಕಾದೆ ಎನ್ನುತ್ತಾನೆ. ಇದರ ಫಲ ದೊಡ್ಡವರಿಗೆ ಮಾತ್ರ ಮೀಸಲಲ್ಲ, ಸಣ್ಣವರೂ ಪ್ರಯತ್ನಪಟ್ಟರೆ ಪಡೆಯಬಹುದು ಎಂದೂ ಸೇರಿಸುತ್ತಾನೆ. ಸಂಸಾರ, ರಾಜ್ಯಭಾರ ಎಲ್ಲವನ್ನೂ ಇಟ್ಟುಕೊಂಡೇ ಸನ್ಯಾಸಿಗಳ ನೇಮದಿಂದ ಒಂದಿಷ್ಟನ್ನು ತನ್ನ ಬಾಳಿಗೆ ತಂದುಕೊಳ್ಳಲು ಹೊರಟ ಗೃಹಸ್ಥನ ಮಾತು ಅದು. ಹೇಳಿದವನು ಚಕ್ರವರ್ತಿ ಎಂಬುದನ್ನು ಬದಿಗಿಟ್ಟರೆ, ಇವತ್ತು ಯಾರು ಬೇಕಾದರೂ ಹೇಳಬಹುದಾದ ಮಾತು.

ಸನ್ಯಾಸಿಗಳ ನೇಮವನ್ನು ಸಂಸಾರಿಗಳು ಮನೆಯಲ್ಲೇ ಎಷ್ಟು ಪಾಲಿಸಬಹುದು ಎಂಬ ಪ್ರಶ್ನೆಯನ್ನು ಕ್ರೈಸ್ತರ ಮಟ್ಟಿಗೂ ಕೇಳಿ ನೋಡಬಹುದು. ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯಲ್ಲಿ ಕ್ರೈಸ್ತರು ಕಡಿಮೆ. ಕಥೋಲಿಕರು 1988ರಲ್ಲಿ ರಚನೆಯಾದ ಶಿವಮೊಗ್ಗ ಧರ್ಮಪ್ರಾಂತ್ಯಕ್ಕೆ ಸೇರಿದವರು. ಮೊಳಕಾಲ್ಮೂರಿನಿಂದ ಉತ್ತರಕ್ಕೆ ಹೋದರೆ ಬಳ್ಳಾರಿ. 1810ರಲ್ಲಿ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಬಂದು ನೆಲೆಸಿ ಬೈಬಲನ್ನು ಕನ್ನಡಕ್ಕೆ ತಂದ ಊರು. ಆದರೆ ಗಂಟೆಯ ಕರೆಗೆ ಎದ್ದು, ಗಂಟೆಯ ಕರೆಗೆ ದುಡಿದು, ಗಂಟೆಯ ಕರೆಗೆ ಮೌನಕ್ಕೆ ಸರಿಯುವ ಕ್ರೈಸ್ತ ಮಠವೆಂದು ಹೆಸರಾದದ್ದು ಈ ಎರಡು ತಾಲ್ಲೂಕುಗಳಲ್ಲಿ ಇಲ್ಲ. ಹಾಗಾಗಿ ಮಠದ ಮೌಲ್ಯಗಳು ಇಲ್ಲಿ ಬದುಕುವುದಿದ್ದರೆ ಶಾಲೆಯ ಮೇಡಂ, ಆಸ್ಪತ್ರೆಯ ನರ್ಸಮ್ಮ, ಮಗ್ಗದ ಕೂಲಿ, ಅಂಗಡಿಯವರು, ಗಾರೆ ಕೆಲಸದವರು ಇಂಥವರ ಮನೆಗಳಲ್ಲೇ ಬದುಕಬೇಕು.

ಕ್ರೈಸ್ತ ಸನ್ಯಾಸ ಹುಟ್ಟಿದ್ದು ಈಜಿಪ್ಟಿನ ಮರಳುಗಾಡಿನಲ್ಲಿ. ಅದರ ಮೂಲಪುರುಷ ಎನಿಸಿದ ಅಂತೋಣಿ ತೀರಿಕೊಂಡದ್ದು 356ರಲ್ಲಿ. (ನಮ್ಮ ಕಡೆ ಹರಕೆ ಹೊರುವ ಪಾದುವಾದ ಅಂತೋಣಿಯವರು ಬೇರೆ, ಅವರು ಎಷ್ಟೋ ಶತಮಾನ ಈಚಿನವರು.) ಆ ಮರಳುಗಾಡಿನ ಮುನಿಗಳನ್ನು ಕಣ್ಮುಚ್ಚಿ ಕುಳಿತವರೆಂದು ಊಹಿಸಿಕೊಂಡರೆ ತಪ್ಪಾಗುತ್ತದೆ. ಅವರು ಈಚಲುಗರಿಯ ಚಾಪೆ, ಬುಟ್ಟಿ ಹೆಣೆದು ಸಂತೆಗೆ ಕಳಿಸಿ ಹೊಟ್ಟೆ ಹೊರೆದವರು. ವರ್ಷಕ್ಕೆ 500 ಮಿಲಿಮೀಟರ್ ಮಳೆ ಬಂದರೆ ಒಳ್ಳೆಯ ವರ್ಷ ಎನ್ನುವ ಚಳ್ಳಕೆರೆಯವರಿಗೆ ಆ ಬದುಕಿನ ಚಿತ್ರ ಕಷ್ಟವಾಗಬಾರದು. 4ನೇ ಶತಮಾನದ ಕೊನೆಯಲ್ಲಿ ಅಲ್ಲಿದ್ದ ಇವಾಗ್ರಿಯಸ್ ಎಂಬ ಮುನಿ ನಡುಮಧ್ಯಾಹ್ನದ ಒಂದು ಪಿಶಾಚಿಯನ್ನು ವರ್ಣಿಸಿದ್ದಾನೆ. ಹೊತ್ತು ಸರಿಯುವುದೇ ಇಲ್ಲ, ದಿನಕ್ಕೆ ಐವತ್ತು ಗಂಟೆ ಇದ್ದಂತೆ ಅನಿಸುತ್ತದೆ. ಮುನಿ ಮತ್ತೆ ಮತ್ತೆ ಕಿಟಕಿಯತ್ತ ನೋಡುತ್ತಾನೆ, ಯಾರಾದರೂ ಬರುತ್ತಾರೇನೋ ಎಂದು ಇಣುಕುತ್ತಾನೆ. ಇರುವ ಜಾಗದ ಮೇಲೆ, ಕೈಯಲ್ಲಿರುವ ಕೆಲಸದ ಮೇಲೆ ಬೇಸರ ಹುಟ್ಟುತ್ತದೆ. ಕಿಟಕಿಯ ಜಾಗದಲ್ಲಿ ಮೊಬೈಲ್ ಇಟ್ಟರೆ ಇದು ಇವತ್ತಿನ ಯಾವ ಕಚೇರಿಯ ಮಧ್ಯಾಹ್ನಕ್ಕಾದರೂ ಹೊಂದುತ್ತದೆ. ಮಠದ ಮೌಲ್ಯ ಈ ಕಾಲಕ್ಕೆ ಒಗ್ಗುತ್ತದೆಯೇ ಎಂದು ಕೇಳುವವರಿಗೆ ನನ್ನ ಮೊದಲ ಉತ್ತರ ಇದೇ: ಕಾಯಿಲೆ ಹಳೆಯದು, ಮದ್ದಿನ ವಿಷಯ ಆಮೇಲೆ ಮಾತಾಡೋಣ.

ರೇಷ್ಮೆ ಸೀರೆ ನೇಯುವ ಮೊಳಕಾಲ್ಮೂರಿಗೂ ಸನ್ಯಾಸಿಗಳಿಗೂ ಇನ್ನೊಂದು ವಿಚಿತ್ರ ನಂಟಿದೆ. ಪಶ್ಚಿಮದವರಿಗೆ ರೇಷ್ಮೆ ಹುಳದ ಗುಟ್ಟು ತಲುಪಿಸಿದ್ದು ಸನ್ಯಾಸಿಗಳು. ಅವರು ಇಂಡಿಯಾದ ಕಡೆಯಿಂದ ಬಂದವರಾಗಿದ್ದರು, ಜಸ್ಟಿನಿಯನ್ ದೊರೆಗೆ ಮಾತು ಕೊಟ್ಟು ಹೋಗಿ ಮೊಟ್ಟೆಗಳನ್ನು ತಂದರು ಎಂದು 6ನೇ ಶತಮಾನದ ಇತಿಹಾಸಕಾರ ಪ್ರೊಕೋಪಿಯಸ್ ಬರೆದಿದ್ದಾನೆ. ಬಡತನದ ಪ್ರತಿಜ್ಞೆ ತೊಟ್ಟವರು ದೊರೆಗಳ ರೇಷ್ಮೆ ವ್ಯಾಪಾರಕ್ಕೆ ದಾರಿ ಮಾಡಿಕೊಟ್ಟರು! ಮಠ ಮತ್ತು ಮಾರುಕಟ್ಟೆ ಎಂದೂ ಒಂದರಿಂದೊಂದು ಪೂರ್ತಿ ದೂರ ಇರಲಿಲ್ಲ ಎಂಬುದಕ್ಕೆ ಇದೊಂದು ಸಾಕ್ಷಿ.

ಮರಳುಗಾಡಿನ ಬಿಡಿ ಮುನಿಗಳ ಅನುಭವವನ್ನು ಕೂಡಿಬಾಳುವ ಶಿಸ್ತಾಗಿ ಬರೆದಿಟ್ಟವರಲ್ಲಿ ಮುಖ್ಯರು ಇಟಲಿಯ ಸಂತ ಬೆನೆಡಿಕ್ಟ್. 6ನೇ ಶತಮಾನದ ಅವರ ನಿಯಮಗ್ರಂಥದಲ್ಲಿ 73 ಅಧ್ಯಾಯಗಳಿವೆ. ಓದಲು ಕೂತರೆ ಆಶ್ಚರ್ಯವಾಗುತ್ತದೆ, ಅಧ್ಯಾತ್ಮಕ್ಕಿಂತ ಆಡಳಿತವೇ ಹೆಚ್ಚು. ಯಾರು ಯಾವಾಗ ಅಡುಗೆ ಮಾಡಬೇಕು, ಬಟ್ಟೆ ಎಷ್ಟು ಜೊತೆ, ಉಪಕರಣ ಕಳೆದರೆ ಏನು, ತಡವಾಗಿ ಊಟಕ್ಕೆ ಬಂದವನಿಗೆ ಏನು ಶಿಕ್ಷೆ. ಇದನ್ನು ಮಠದ ಹೊರಗಿನವರೂ ಪಾಲಿಸಬಹುದು ಎಂಬ ಯೋಚನೆ ಕೂಡ ಹಳೆಯದು. 13ನೇ ಶತಮಾನದಲ್ಲಿ ಫ್ರಾನ್ಸಿಸ್ಕನ್ನರ ಗೃಹಸ್ಥ ಶಾಖೆ ಹುಟ್ಟಿತು, ಅದರ ಈಗಿನ ನಿಯಮಕ್ಕೆ 1978ರಲ್ಲಿ ಪೋಪರ ಒಪ್ಪಿಗೆ ಸಿಕ್ಕಿತು. ಬೆನೆಡಿಕ್ಟರ ಮಠಗಳಿಗೂ ಹೀಗೆ ಸೇರಿಕೊಂಡ ಸಂಸಾರಿಗಳಿದ್ದಾರೆ. ಪವಿತ್ರ ಬಾಳಿಗೆ ಎಲ್ಲ ವಿಶ್ವಾಸಿಗಳಿಗೂ ಕರೆಯಿದೆ ಎಂದು ಎರಡನೇ ವ್ಯಾಟಿಕನ್ ಮಹಾಸಭೆ 1964ರಲ್ಲಿ ಸಾರಿತು. ತತ್ತ್ವದಲ್ಲಿ ಯಾವ ಅಡ್ಡಿಯೂ ಇಲ್ಲ; ತಕರಾರು ಶುರುವಾಗುವುದು ಆಚರಣೆಯಲ್ಲಿ.

ಕರ್ನಾಟಕದಲ್ಲಿ ಈ ಬಾಳು ಯಾವ ಯಾವ ರೂಪ ತಾಳಿತು ಎಂಬುದನ್ನು ಒಮ್ಮೆ ನೋಡಬೇಕು. 1870ರಲ್ಲಿ ಫ್ರಾನ್ಸಿನ ಪೋ ಪಟ್ಟಣದಿಂದ ಹೊರಟ ಕಾರ್ಮೆಲ್ ಸನ್ಯಾಸಿನಿಯರು ಮಂಗಳೂರಿಗೆ ಬಂದು, ಹೊರಗೆ ಕಾಲಿಡದ ಏಕಾಂತಮಠ ಕಟ್ಟಿದರು. ಪ್ರಯಾಣದಲ್ಲೇ ಕೆಲವರು ತೀರಿಹೋದರು. ಬದುಕಿ ಬಂದವರಲ್ಲಿ ಪ್ಯಾಲೆಸ್ತೀನಿನ ಮರಿಯಂ ಬವಾರ್ದಿ ಒಬ್ಬಳು. ಮಠ ಸೇರುವ ಮುಂಚೆ ಊರೂರಲ್ಲಿ ಮನೆಗೆಲಸ ಮಾಡಿಕೊಂಡಿದ್ದ ಹೆಣ್ಣು, ಓದುಬರಹ ಅಷ್ಟಕ್ಕಷ್ಟೇ. 1871ರ ನವೆಂಬರ್ 21ರಂದು ಮಂಗಳೂರಿನಲ್ಲಿ ವ್ರತ ಸ್ವೀಕರಿಸಿದ ಆಕೆಯನ್ನು 2015ರಲ್ಲಿ ಸಂತಳೆಂದು ಘೋಷಿಸಲಾಯಿತು. ಬೆಂಗಳೂರಿನ ಕೆಂಗೇರಿಗೆ 1955ರಲ್ಲಿ ಬಂದ ಇಂಗ್ಲೆಂಡಿನ ಬೆನೆಡಿಕ್ಟೀನ್ ಸನ್ಯಾಸಿ ಬೀಡ್ ಗ್ರಿಫಿತ್ಸ್ ಇಲ್ಲಿ ನೆಲೆ ನಿಲ್ಲದೆ ಕೇರಳಕ್ಕೂ ಆಮೇಲೆ ತಮಿಳುನಾಡಿನ ಶಾಂತಿವನಕ್ಕೂ ಹೋದರು. ಅದೇ ಕೆಂಗೇರಿಯಲ್ಲಿ 1957ರಿಂದ ಆಶೀರ್ವನಂ ಮಠವಿದೆ. ಪ್ರಾಟೆಸ್ಟೆಂಟರು ಮಠಗಳನ್ನು ಕೈಬಿಟ್ಟವರ ವಂಶದವರು, ಆದರೂ ದಕ್ಷಿಣ ಭಾರತ ಸಭೆಯಲ್ಲಿ ಸಿಸ್ಟರ್ ಕ್ಯಾರೊಲ್ ಗ್ರಹಾಂ ಮುಂದಾಳತ್ವದಲ್ಲಿ ಹೆಣ್ಣುಮಕ್ಕಳ ಒಂದು ಭಗಿನಿ ಸಂಘ ಹುಟ್ಟಿತು. ಬೆಂಗಳೂರಿನ ವಿಶ್ರಾಂತಿ ನಿಲಯ ಅದರ ಮನೆ. ಶಾಲೆ, ಆಸ್ಪತ್ರೆ, ಹಾಸ್ಟೆಲುಗಳ ದುಡಿಮೆಯ ನಡುವೆಯೇ ಪ್ರಾರ್ಥನೆಯ ನೇಮ ಹಿಡಿದವರು ಅವರು.

ನನಗೆ ಇವೆಲ್ಲಕ್ಕಿಂತ ಕುತೂಹಲ ಹುಟ್ಟಿಸುವುದು ಬೆಳಗಾವಿ ಜಿಲ್ಲೆಯ ದೇಶನೂರು. ಅಲ್ಲಿ ಯೇಸುಸಭೆಯ ಗುರುಗಳು ನಡೆಸುವ ಕೇಂದ್ರದ ಹೆಸರು ಸ್ನಾನಿಕ ಅರುಳಪ್ಪನವರ (ಯೇಸುವಿಗೆ ದೀಕ್ಷಾಸ್ನಾನ ಕೊಟ್ಟ ಯೊವಾನ್ನರ) ವಿರಕ್ತಮಠ. ಲಿಂಗಾಯತ ಸೀಮೆಯ ನಡುವೆ ಕಾವಿ ಉಟ್ಟು, ಸಸ್ಯಾಹಾರಿಗಳಾಗಿ, ನೆಲದ ಮೇಲೆ ಕೂತು ಪೂಜೆ ಮಾಡುವ ಸಂಪ್ರದಾಯವನ್ನು ಈ ಗುರುಗಳು ಬೆಳೆಸಿದರು. ಇದು ವೇಷ ಎಂದು ಹಂಗಿಸಿದವರು ಹಿಂದೂಗಳಲ್ಲೂ ಇದ್ದಾರೆ, ಕ್ರೈಸ್ತರಲ್ಲೂ ಇದ್ದಾರೆ. ಅನುಮಾನಕ್ಕೆ ಕಾರಣವಿಲ್ಲ ಎನ್ನಲಾರೆ. 17ನೇ ಶತಮಾನದಿಂದಲೂ ಮಿಷನರಿಗಳು ಕಾವಿ ಉಟ್ಟಿದ್ದರ ಹಿಂದೆ ಮತ ಹರಡುವ ಲೆಕ್ಕಾಚಾರವೂ ಇತ್ತು. ಆದರೆ ಹಳ್ಳಿಯವರು ಒಬ್ಬ ಸ್ವಾಮಿಯಿಂದ ಏನು ನಿರೀಕ್ಷಿಸುತ್ತಾರೋ, ಅಂದರೆ ಸರಳ ಊಟ, ಬಾಗಿಲು ತೆರೆದ ಮನೆ, ಕೇಳುವ ಕಿವಿ, ಅದಕ್ಕೆ ತಕ್ಕಂತೆ ಬದುಕಬೇಕಾದ ಹೊಣೆಯನ್ನು ಆ ಕಾವಿ ಅವರ ಮೇಲೇ ಹೊರಿಸಿತು. ಬಂಗಲೆಯಲ್ಲಿ ಕೂತ ಪಾದ್ರಿಗೆ ಆ ಕಷ್ಟ ಇಲ್ಲ.

ಈಗ ಮಠದ ಒಂದೊಂದೇ ಮೌಲ್ಯವನ್ನು ಮನೆಯೊಳಗೆ ಇಟ್ಟು ನೋಡೋಣ. ಮೌನದಿಂದ ಶುರು ಮಾಡಿದರೆ ಬೇಗ ಮುಗಿಯುತ್ತದೆ. ಎರಡು ಕೋಣೆಯ ಮನೆಯಲ್ಲಿ ಮಗ್ಗ, ಟಿವಿ, ಮಕ್ಕಳ ಮಗ್ಗಿ ಎಲ್ಲ ಒಟ್ಟಿಗಿರುವಾಗ ಮೌನ ಹುಡುಕುವುದು ಬಾಡಿಗೆ ಕೊಟ್ಟು ಕೊಳ್ಳಬಲ್ಲವರ ಹವ್ಯಾಸ. ನಗರದ ಜನ ವಾರದ ಕೊನೆಗೆ ಹಣ ಕಟ್ಟಿ ಮೌನ ಶಿಬಿರಕ್ಕೆ ಹೋಗಿ ಬಂದು ಸೋಮವಾರ ಮತ್ತೆ ಕೆಳಗಿನವರ ಮೇಲೆ ಕೂಗಾಡುತ್ತಾರೆ. ಬೆನೆಡಿಕ್ಟ್ ಮೌನವನ್ನು ಕೇಳಿದ್ದು ಮುಖ್ಯವಾಗಿ ನಾಲಗೆಯ ಮೇಲಿನ ಹಿಡಿತಕ್ಕೆ, ಚಾಡಿ ಮತ್ತು ಗೊಣಗಾಟ ನಿಲ್ಲಲಿ ಎಂದು. ಅದಕ್ಕೆ ಬೆಟ್ಟದ ಮೇಲಿನ ಕೋಣೆ ಬೇಕಿಲ್ಲ.

ಗಂಟೆಯ ವಿಷಯ ಹಾಗಲ್ಲ. ಕರೆ ಕೇಳಿದ ಕೂಡಲೇ ಕೈಯಲ್ಲಿದ್ದುದನ್ನು ಬಿಟ್ಟು ಪ್ರಾರ್ಥನೆಗೆ ಏಳಬೇಕೆಂಬುದು ಮಠದ ಕಟ್ಟಳೆ. ಈಜಿಪ್ಟಿನ ಮುನಿಗಳು ಬರೆಯುತ್ತಿದ್ದ ಅಕ್ಷರವನ್ನು ಕೂಡ ಅರ್ಧಕ್ಕೇ ಬಿಟ್ಟು ಏಳುತ್ತಿದ್ದರೆಂದು ಅವರ ನಡುವೆ ಇದ್ದು ಬಂದ ಸನ್ಯಾಸಿ ಕ್ಯಾಸಿಯನ್ ಬರೆಯುತ್ತಾನೆ. ಮಗ್ಗದವರು ಇದನ್ನು ಕೇಳಿದರೆ ನಗಬಹುದು, ಲಾಳಿಯನ್ನು ಹಾಸಿನ ನಡುವೆ ನಿಲ್ಲಿಸಿ ಎದ್ದರೆ ಸೀರೆ ಕೆಟ್ಟೀತು, ಹೊಕ್ಕು ಮುಗಿಸಿಯೇ ಏಳಬೇಕು. ಆದರೂ ಎದ್ದೇಳುವುದು ಎಂಬುದಿದೆಯಲ್ಲ, ಅದು ದೊಡ್ಡದು. ಕೂಲಿ ಸೀರೆಯ ಲೆಕ್ಕದಲ್ಲಿ ಸಿಗುವಾಗ ನಿಲ್ಲಿಸಿದ ಪ್ರತಿ ಕಾಲುಗಂಟೆಯೂ ನಷ್ಟ. ಹಗಲಿರುಳು ಫೋನಿನಲ್ಲಿ ಸಿಗಬೇಕಾದ ಈಗಿನ ನೌಕರನಿಗೂ ಇದೇ ಪಾಡು. ಕಥೋಲಿಕ ಮನೆಗಳಲ್ಲಿ ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಹೇಳುವ ತ್ರಿಕಾಲ ಪ್ರಾರ್ಥನೆ ಮಠದ ಗಂಟೆ ಮನೆಗೆ ಇಳಿದು ಬಂದ ರೂಪ. ಎರಡು ಮೂರು ನಿಮಿಷದ್ದು. ಈಗ ಹೆಚ್ಚಿನ ಮನೆಗಳಲ್ಲಿ ಉಳಿದಿರುವುದು ರಾತ್ರಿಯ ಜಪಸರ ಮಾತ್ರ, ಅದೂ ಧಾರಾವಾಹಿಗೆ ಅಡ್ಡ ಬಾರದ ಹೊತ್ತಿನಲ್ಲಿ. ಮನಸ್ಸು ಬಂದಾಗ ಪ್ರಾರ್ಥಿಸುತ್ತೇನೆ ಎನ್ನುವವರಿಗೂ ಹೊತ್ತಿಗೆ ಸರಿಯಾಗಿ ಪ್ರಾರ್ಥಿಸುವವರಿಗೂ ಇರುವ ಅಂತರವೇ ಮಠದ ಸಾರ ಎಂದು ನನ್ನ ಎಣಿಕೆ. ಮನಸ್ಸು ಇರಲಿ ಬಿಡಲಿ, ನೇಮ ನಡೆಯುತ್ತದೆ. ಮಸೀದಿಯ ಆಜಾನಿಗೆ ಅಂಗಡಿಯ ಬಾಗಿಲು ಎಳೆದು ಹೋಗುವ ನೆರೆಯವರನ್ನು ನೋಡಿ ಇದನ್ನು ಕಲಿಯಬಹುದು.

ವಿಧೇಯತೆಯ ಬಗ್ಗೆ ಎಚ್ಚರದಿಂದ ಮಾತಾಡಬೇಕು. ಮಠದ ಮೂರು ವ್ರತಗಳಲ್ಲಿ ಇದನ್ನೇ ಎತ್ತಿ ಹಿಡಿದು ಮನೆಯ ಹೆಣ್ಣುಮಕ್ಕಳಿಗೆ, ಸೊಸೆಯಂದಿರಿಗೆ ಬೋಧಿಸುವುದು ಸುಲಭ, ಬೋಧಿಸಿದ್ದೂ ಉಂಟು. ಆದರೆ ಬೆನೆಡಿಕ್ಟರ ಮಠದಲ್ಲಿ ಮಠಾಧಿಪತಿಯನ್ನು ಆರಿಸುವವರು ಮಠವಾಸಿಗಳೇ. ಮುಖ್ಯ ವಿಷಯ ಬಂದಾಗ ಎಲ್ಲರನ್ನೂ ಕರೆದು ಕೇಳಬೇಕು, ದೇವರು ಎಷ್ಟೋ ಸಲ ಕಿರಿಯವನ ಬಾಯಲ್ಲೇ ಒಳ್ಳೆಯದನ್ನು ನುಡಿಸುತ್ತಾನೆ ಎಂದು ಮೂರನೇ ಅಧ್ಯಾಯ ಹೇಳುತ್ತದೆ. ಅಡುಗೆ ಮನೆಗೆ ವಾರದ ಪಾಳಿ. ಕಾಯಿಲೆಯವರು, ಬೇರೆ ದೊಡ್ಡ ಹೊಣೆ ಇರುವವರು ಬಿಟ್ಟರೆ ಯಾರಿಗೂ ವಿನಾಯಿತಿ ಇಲ್ಲ. ವಾರ ಮುಗಿದವನು ಶನಿವಾರ ಪಾತ್ರೆ ಬೆಳಗಿ, ಕೈ ಒರೆಸುವ ಬಟ್ಟೆಗಳನ್ನು ಒಗೆದು, ಎಲ್ಲರ ಕಾಲು ತೊಳೆದು ಮುಂದಿನವನಿಗೆ ಒಪ್ಪಿಸಬೇಕು. ಮಠದ ಮೌಲ್ಯವನ್ನು ಮನೆಗೆ ತರುತ್ತೇನೆ ಎನ್ನುವ ಗಂಡಸರು ಈ ಮೂವತ್ತೈದನೇ ಅಧ್ಯಾಯದಿಂದ ಶುರು ಮಾಡಲಿ. ಅಡುಗೆ ಪಾಳಿ ಬಂದ ಮನೆಯಲ್ಲಿ ವಿಧೇಯತೆಯ ಮಾತು ತಾನಾಗಿ ಸರಿಹೋಗುತ್ತದೆ.

ಇದ್ದ ಜಾಗದಲ್ಲೇ ಕೊನೆತನಕ ಇರುತ್ತೇನೆ ಎಂಬುದು ಬೆನೆಡಿಕ್ಟೀನರ ಇನ್ನೊಂದು ವ್ರತ. ಮಠದಿಂದ ಮಠಕ್ಕೆ ಅಲೆಯುವ ಸನ್ಯಾಸಿಗಳನ್ನು ಬೆನೆಡಿಕ್ಟ್ ಚೆನ್ನಾಗಿ ಬೈದಿದ್ದಾರೆ. ಮಳೆ ಕೈಕೊಟ್ಟು, ಶೇಂಗಾ ಒಣಗಿ, ಬೋರ್‌ವೆಲ್ ಬತ್ತಿದಾಗ ಬೆಂಗಳೂರಿನ ಕಟ್ಟಡಗಳಿಗೆ, ಮಲೆನಾಡಿನ ಕಾಫಿ ತೋಟಗಳಿಗೆ ಗುಳೆ ಹೋಗುವ ಸೀಮೆಯಲ್ಲಿ ಈ ವ್ರತವನ್ನು ಉಪದೇಶಿಸುವ ಧೈರ್ಯ ಯಾರಿಗಿದೆ? ನಿಲ್ಲಲು ನೆಲ ಬೇಕು. ಚಳ್ಳಕೆರೆಯ ಅಮೃತಮಹಲ್ ಕಾವಲುಗಳು ಸುತ್ತಲಿನ ಹಳ್ಳಿಗಳ ದನ, ಕುರಿಗಳಿಗೆ ಮೇವಿನ ನೆಲವಾಗಿದ್ದವು. ವಿಜ್ಞಾನ ಸಂಸ್ಥೆಗಳಿಗೆ ಸಾವಿರಾರು ಎಕರೆ ಹಂಚಿಕೆಯಾಗಿ ಬೇಲಿ ಬಿದ್ದ ಮೇಲೆ ಕುರಿಗಾಹಿಗಳು ಇನ್ನೂ ದೂರ ಅಲೆಯಬೇಕಾಯಿತು. ಸ್ವಂತದ್ದು ಎಂಬುದನ್ನು ಬೇರುಸಹಿತ ಕೀಳಬೇಕು ಎನ್ನುವ ಮಠದ ನಿಯಮಕ್ಕೆ ಊರಿನಲ್ಲಿ ಸಮವಾದದ್ದು ಏನಾದರೂ ಇದ್ದರೆ ಇಂಥ ಗೋಮಾಳ, ಕಾವಲು, ಕೆರೆಯಂಗಳ. ಅವು ಹೋದ ಮೇಲೆ ಸರಳ ಬದುಕು ವ್ರತವಾಗಿ ಉಳಿಯುವುದಿಲ್ಲ, ಬರೀ ಬಡತನವಾಗುತ್ತದೆ.

ಬಟ್ಟೆಯ ಅಧ್ಯಾಯ ನನಗೆ ಬಹಳ ಇಷ್ಟ. ಚಳಿಗೆ ದಪ್ಪ ಉಣ್ಣೆ, ಬೇಸಿಗೆಗೆ ತೆಳುವಾದದ್ದು. ಬಣ್ಣ ಚೆನ್ನಾಗಿಲ್ಲ, ಒರಟಾಗಿದೆ ಎಂದು ಗೊಣಗಬಾರದು. ಆ ಸೀಮೆಯಲ್ಲಿ ಸಿಗುವ, ಅಗ್ಗವಾಗಿ ಕೊಳ್ಳಬಹುದಾದದ್ದನ್ನು ಹೊದೆಯಬೇಕು. ಚಳ್ಳಕೆರೆಯ ಕರಿ ಕಂಬಳಿ ಈ ವಿವರಣೆಗೆ ಅಳೆದಂತಿದೆ. ಕುರುಬರ ಮನೆಯಲ್ಲಿ ನೂತ ಉಣ್ಣೆ, ಹುಣಸೆ ಬೀಜದ ಗಂಜಿ ಕುಡಿದು ಗಟ್ಟಿಯಾದ ಹಾಸು, ಮೊದಲ ಹೊದಿಕೆಗೆ ಮೈ ಚುಚ್ಚುವ ನೇಯ್ಗೆ. ಈಗ ಅದನ್ನು ಮೂಲೆಗೊತ್ತಿ ಮನೆ ಮನೆಗೆ ಬಂದಿರುವುದು ಯಂತ್ರದ ಬಣ್ಣದ ರಗ್ಗು. ಪರಿಸರದ ಬಗ್ಗೆ ಪ್ರವಚನ ಕೇಳುವ ಭಕ್ತರು ಒಂದು ಕಂಬಳಿ ಕೊಂಡರೂ ಐವತ್ತೈದನೇ ಅಧ್ಯಾಯ ಓದಿದಂತಾಯಿತು.

ರೇಷ್ಮೆ ಸೀರೆಯ ಮುಂದೆ ಈ ಮಾತು ಅಷ್ಟು ಸಲೀಸಾಗಿ ಓಡುವುದಿಲ್ಲ. ಮೊಳಕಾಲ್ಮೂರು ಸೀರೆಗೆ 2011ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಅದನ್ನು ನೇಯುವವರು ಉಡುವುದು ಅಪರೂಪ. ಕುಶಲಕರ್ಮಿಗಳ ಬಗ್ಗೆ ಬೆನೆಡಿಕ್ಟ್ ಎರಡು ಮಾತು ಹೇಳುತ್ತಾರೆ. ತನ್ನ ಕೈಚಳಕದಿಂದಲೇ ಮಠ ನಡೆಯುತ್ತಿದೆ ಎಂದು ಬೀಗುವವನನ್ನು ಆ ಕೆಲಸದಿಂದ ತೆಗೆಯಬೇಕು. ಮಠದಲ್ಲಿ ತಯಾರಾದ ವಸ್ತುವನ್ನು ಹೊರಗಿನವರಿಗಿಂತ ತುಸು ಕಡಿಮೆ ಬೆಲೆಗೆ ಮಾರಬೇಕು, ದುರಾಸೆ ನುಸುಳಬಾರದು. ಎರಡನೆಯದನ್ನು ಇವತ್ತು ಮೊಳಕಾಲ್ಮೂರಿಗೆ ತಂದರೆ ಅನ್ಯಾಯವಾಗುತ್ತದೆ. ಪವರ್‌ಲೂಮಿನ ನಕಲಿ ಸೀರೆ ಈಗಾಗಲೇ ಕಡಿಮೆ ಬೆಲೆಗೆ ಮಾರಿ ಕೈಮಗ್ಗದ ಕತ್ತು ಹಿಸುಕುತ್ತಿದೆ. ಊಟ, ವಸತಿ, ಮುದಿತನ, ಕಾಯಿಲೆ ಎಲ್ಲಕ್ಕೂ ಮಠದ ಆಸರೆ ಇದ್ದವನು ಅಗ್ಗಕ್ಕೆ ಮಾರಬಲ್ಲ, ಸಾಹುಕಾರನಿಂದ ಮುಂಗಡ ತಂದು ಮನೆ ನಡೆಸುವವನು ಮಾರಲಾರ. ನೇಮದ ಅಕ್ಷರ ಹಿಡಿದರೆ ಅದರ ಉದ್ದೇಶ ತಪ್ಪಿಹೋಗುವ ಜಾಗ ಇದು. ಇಲ್ಲಿ ದುರಾಸೆಗೆ ಕಡಿವಾಣ ಹಾಕಬೇಕಾದವನು ಕೊಳ್ಳುವವನು, ನಡುವಿನ ವ್ಯಾಪಾರಿ.

ಹೀಗೆ ಬಂದು ನಿಲ್ಲುವುದು ಕೂಲಿಯ ಪ್ರಶ್ನೆಯ ಹತ್ತಿರ. ಇದರಲ್ಲಿ ಚಳ್ಳಕೆರೆ ತಾಲ್ಲೂಕಿಗೆ ತನ್ನದೇ ಸನ್ಯಾಸಿ ಗುರು ಇದ್ದಾರೆ. ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿ ಕೆರೆಗಳನ್ನು ಕಟ್ಟಿಸಿದವರೆಂದೂ ಕೆಲಸಕ್ಕೆ ಬಂದವರಿಗೆ ದುಡಿಮೆಗೆ ತಕ್ಕಷ್ಟೇ ಕೂಲಿ ಸಿಗುವಂತೆ ನೋಡಿಕೊಂಡವರೆಂದೂ ಜನ ಹೇಳುತ್ತಾರೆ. ‘ಮಾಡಿದಷ್ಟು ನೀಡು ಭಿಕ್ಷೆ’ ಎಂಬ ಅವರ ಮಾತು ಫಾಲ್ಗುಣದ ಜಾತ್ರೆಗೆ ಬರುವ ಲಕ್ಷಾಂತರ ಜನರ ಬಾಯಲ್ಲಿದೆ. ಜಾತಿ, ಹುಟ್ಟು ನೋಡದೆ ದುಡಿಮೆಯನ್ನು ಅಳೆದು ಕೊಡುವ ನ್ಯಾಯ ಅದು; ಕೂಲಿ ಕದಿಯುವವರ ನಡುವೆ ಸಣ್ಣ ಮಾತಲ್ಲ. ಯೇಸು ಹೇಳಿದ ದ್ರಾಕ್ಷಿ ತೋಟದ ಕಥೆಯಲ್ಲಿ ಅಳತೆ ಬೇರೆ. ಬೆಳಿಗ್ಗೆ ಬಂದವರಿಗೂ ಹೊತ್ತು ಇಳಿಯುವಾಗ ಬಂದವರಿಗೂ ಮಾಲೀಕ ಒಂದೇ ಕೂಲಿ ಕೊಡುತ್ತಾನೆ, ಬೆಳಗಿನವರು ತಕರಾರು ತೆಗೆಯುತ್ತಾರೆ. ಬೆನೆಡಿಕ್ಟ್ ಹಿಡಿದದ್ದು ಇವೆರಡೂ ಅಲ್ಲದ ಮೂರನೆಯದನ್ನು. ಯಾರಿಗೆ ಎಷ್ಟು ಬೇಕೋ ಅಷ್ಟು, ಕಡಿಮೆ ಸಾಕಾದವನು ದೇವರಿಗೆ ವಂದಿಸಲಿ, ಹೆಚ್ಚು ಬೇಕಾದವನು ತನ್ನ ದೌರ್ಬಲ್ಯ ಅರಿತು ತಗ್ಗಲಿ ಎನ್ನುತ್ತಾರೆ.

ನಾಯಕನಹಟ್ಟಿಯವರು ಮೊದಲ ಅಳತೆಯನ್ನು ಮೆಚ್ಚುತ್ತಾರೆ, ಕ್ರೈಸ್ತರು ಭಾನುವಾರ ಚರ್ಚಿನಲ್ಲಿ ಎರಡನೆಯದನ್ನು ಓದುತ್ತಾರೆ, ಮಠಗಳಲ್ಲಿ ಮೂರನೆಯದು ನಡೆಯುತ್ತದೆ. ನೇಕಾರನಿಗೆ, ಮನೆಗೆಲಸದವಳಿಗೆ, ಚರ್ಚು ನಡೆಸುವ ಶಾಲೆಯ ಆಯಾಗೆ, ಕಸ ಗುಡಿಸುವವರಿಗೆ ಸಿಗುವುದು ಎಷ್ಟೋ ಸಲ ಈ ಮೂರರಲ್ಲಿ ಒಂದೂ ಅಲ್ಲ. ಊರಿನ ದರ ಏನಿದೆಯೋ ಅದು. ಮಠದ ಮೌಲ್ಯ ಎಂಬ ವಿಷಯದ ಮೇಲೆ ಧ್ಯಾನಕೂಟ ಏರ್ಪಡಿಸುವ ಧರ್ಮಕೇಂದ್ರಗಳು ಅದಕ್ಕೆ ಮುಂಚೆ ತಮ್ಮ ಸಂಬಳದ ಪಟ್ಟಿಯನ್ನು ಆಡಳಿತ ಸಮಿತಿಯ ಮೇಜಿನ ಮೇಲಿಟ್ಟು, ಮೂರನೇ ಅಧ್ಯಾಯ ಹೇಳುವಂತೆ ಅತಿ ಕಿರಿಯ ನೌಕರರನ್ನೂ ಕರೆದು ಕೂರಿಸಿ, ಈ ಮೂರು ಅಳತೆಗಳಲ್ಲಿ ನಾವು ಯಾವುದಕ್ಕೆ ಬದ್ಧ ಎಂದು ಕೇಳಿಕೊಳ್ಳಬಹುದು. ಸಭೆ ಕಾವೇರುವುದು ಖಂಡಿತ.